ಪರದೇಶದಿಂದ ತಿರಿಗಿ ಬಂದವರು

(ರೂತಳ ಪುಸ್ತಕದ 1ನೆಯ ಅಧ್ಯಾಯವನ್ನು, ವಿಶೇಷವಾಗಿ 19ರಿಂದ 22ನೆಯ ವಚನಗಳನ್ನು, ಮನೆಯವರೆಲ್ಲರೂ ಕೂಡಿ ಓದಿರಿ.)



ನಮ್ಮ ಕರಾವಳಿ ಸೀಮೆಯ ಸಭೆಗಳಲ್ಲಿ ಪರದೇಶಕ್ಕೆ ಹೊರಡುವವರಿಗೋಸ್ಕರ ಪ್ರಾರ್ಥಿಸುವ ವಾಡಿಕೆಯುಂಟು. ಹೊರಡುವದಕ್ಕೆ ಮುಂಚಿನ ಆದಿತ್ಯವಾರ ಆ ಯೌವನಸ್ಥನು ಎದ್ದು ನಿಲ್ಲುತ್ತಾನೆ. ಸಭಾಪಾಲಕರು ಅವನ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸುತ್ತಾರೆ. ತಾಯಿ ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಾಳೆ. ಆದರೆ ಹದಿನೈದು ಇಪ್ಪತ್ತು ವರ್ಷಗಳ ಮೇಲೆ ಅದೇ ಮನುಷ್ಯನು ಅಲ್ಲಿಯ ಕೆಲಸ ತೀರಿಸಿಕೊಂಡು ಮನೆಗೆ ಬಂದಾಗ ಅವನಿಗೋಸ್ಕರ ಅಂಥಾ ಪ್ರಾರ್ಥನೆ ನಡೆಯುವದನ್ನು ನಾವು ಕಂಡಿಲ್ಲ. ಬಂದವನು ಕ್ಷೇಮವಾಗಿ ಬಂದನಲ್ಲಾ, ಇನ್ನೇನು ಬೇಕು ಎಂದು ಸುಮ್ಮನಾಗುತ್ತೇವೆ. ಹೋಗುವದು ಕಷ್ಟ, ಬರುವದು ಸುಲಭ ಎಂಬದು ನಮ್ಮೆಲ್ಲರ ಎಣಿಕೆ. ಈ ಎಣಿಕೆ ತಪ್ಪೆಂಬದನ್ನು ನಾವು ತಡವಾಗಿ, ನಮ್ಮದೇ ತಪ್ಪಿನ ಮೂಲಕ ಕಲಿತೆವು. ಕಲಿತದ್ದನ್ನು ಮುಚ್ಚಿಡದೆ ನಿಮಗೆ ಹೇಳಬೇಕೆಂದು ಇದನ್ನು ಬರೆಯುತ್ತೇವೆ.

ನಮ್ಮ ಅಜ್ಜಂದಿರಲ್ಲಿ ಅನೇಕರು ಕೂಲಿಗೋಸ್ಕರ ಬಹು ದೂರ ಹೋಗಬೇಕಾಗಿರಲಿಲ್ಲ. 1865ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಎಷ್ಟೋ ಕುಟುಂಬಗಳಿಗೆ ಮಣ್ಣಿನ ಕೆಲಸದಿಂದಲೂ ಮಗ್ಗದ ಕೆಲಸದಿಂದಲೂ ಮನೆಯ ಬಳಿಯಲ್ಲಿಯೇ ಅನ್ನ ದೊರೆಯಿತು. ಅನಂತರದವರು ಮುಂಬಯಿಗೆ ಹೋದರು. 1973ರಲ್ಲಿ ಎಣ್ಣೆಯ ಬೆಲೆ ಒಂದೇ ಸಾರಿ ಏರಿ, ಅರಬಿ ಕೊಲ್ಲಿಯ ದೇಶಗಳಲ್ಲಿ ರಸ್ತೆ, ಬಂದರು, ಕಟ್ಟಡಗಳು ಏಳತೊಡಗಿದಾಗ, ಗಾರೆಯವರು, ಬಡಗಿಗಳು, ವಿದ್ಯುತ್ತಿನ ಕೆಲಸದವರು, ದಾದಿಯರು, ಗುಮಾಸ್ತರು ನಮ್ಮ ಊರುಗಳಿಂದ ಸಾಲಾಗಿ ಹೊರಟರು. ಇಂದು ನಮ್ಮ ಸಭೆಗಳಲ್ಲಿ ಕೊಲ್ಲಿಯ ಸಂಪಾದನೆ ಮುಟ್ಟದ ಹೆಂಚಿನ ಮಾಡು ವಿರಳ.

ಹೋದವರು ಒಂದು ದಿನ ಬರಲೇಬೇಕು. ಆ ದೇಶಗಳಲ್ಲಿ ಕೂಲಿಯವನು ಎಷ್ಟು ವರ್ಷ ಬೆವರು ಸುರಿಸಿದರೂ ಅವನ ವಾಸವು ಕೆಲಸಕ್ಕೆ ಕಟ್ಟಲ್ಪಟ್ಟಿರುತ್ತದೆ. ಕೆಲಸ ಹೋದರೆ, ಬೇರೆ ಕೆಲಸ ಸಿಕ್ಕದಿದ್ದರೆ, ಇರುವ ಅಪ್ಪಣೆಯೂ ಹೋಗುತ್ತದೆ. ಕೆಲವರು ತಾವು ಗೊತ್ತುಮಾಡಿದ ದಿನದಲ್ಲಿ ಬರುತ್ತಾರೆ. ಕೆಲವರನ್ನು ಕಾಲವೇ ಅಟ್ಟಿಕೊಂಡು ಬರುತ್ತದೆ. 1990ರ ಆಗಸ್ಟ್ 2ರಂದು ಇರಾಕಿನ ಸೈನ್ಯವು ಕುವೈತನ್ನು ಹೊಕ್ಕಾಗ, ನಮ್ಮ ದೇಶದವರು ಸುಮಾರು 1 ಲಕ್ಷ 70 ಸಾವಿರ ಜನರು ವಿಮಾನಗಳಲ್ಲಿ ಸ್ವದೇಶಕ್ಕೆ ಕರೆತರಲ್ಪಟ್ಟರು; ಉಟ್ಟ ಬಟ್ಟೆಯಲ್ಲಿ ಬಂದವರು ಎಷ್ಟೋ ಮಂದಿ. 2020ರಲ್ಲಿ ಕೊರೋನಾ ವ್ಯಾಧಿಯ ನಿಮಿತ್ತ ಲೋಕದ ಕೆಲಸವೆಲ್ಲಾ ನಿಂತುಹೋದಾಗ, ಆ ವರ್ಷದ ಮೇ 7ರಿಂದ ಸರಕಾರವು ವಿಮಾನಗಳನ್ನು ಕಳುಹಿಸಿ ಜನರನ್ನು ಕರೆತರಲಾರಂಭಿಸಿತು. ನಾವು ಈಗ ಹೇಳಲಿರುವ ಸಹೋದರನು ಹೀಗೆ ಬಂದವರಲ್ಲಿ ಒಬ್ಬನು. ಅವನ ಹೆಸರನ್ನೂ ಊರನ್ನೂ ನಾವು ಹೇಳುವದಿಲ್ಲ. ಅವನ ಅಪ್ಪಣೆ ಪಡೆದೇ ಇಷ್ಟನ್ನು ಬರೆಯುತ್ತೇವೆ.

ಅವನು 2001ರಲ್ಲಿ ದುಬೈಗೆ ಹೋಗಿ ಹತ್ತೊಂಭತ್ತು ವರ್ಷ ಕಟ್ಟಡಗಳಲ್ಲಿ ವಿದ್ಯುತ್ತಿನ ಕೆಲಸ ಮಾಡಿದನು. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುತ್ತಿದ್ದನು. ಸಾಧ್ಯವಾದಾಗಲೆಲ್ಲಾ ನಮ್ಮ ಬೆಳೆ ಹಬ್ಬಕ್ಕೆ ಸರಿಯಾಗಿಯೇ ಬರುತ್ತಿದ್ದನು. ಬೆಳೆ ಹಬ್ಬದ ಏಲಮಿನಲ್ಲಿ ಒಂದು ತೆಂಗಿನಕಾಯಿಗೆ ಐದು ಸಾವಿರ ರೂಪಾಯಿ ಕೂಗುವವನು ಅವನೇ. ನಾವು ಕಾಯನ್ನು ಎತ್ತಿ ಹಿಡಿದು ಮೊದಲು ಅವನ ಕಡೆಗೇ ನೋಡುತ್ತಿದ್ದೆವು. ಅವನು ಊರಿಗೆ ಬಂದ ಸುದ್ದಿ ಸಿಕ್ಕಿದ ವಾರದಲ್ಲಿಯೇ ರಶೀದಿ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಅವನ ಮನೆಗೆ ಹೋಗುವದು ನಮ್ಮ ರೂಢಿಯಾಗಿತ್ತು.

2020ರ ಮಳೆಗಾಲದಲ್ಲಿ ಅವನು ಕೆಲಸ ಕಳೆದುಕೊಂಡು ಬಂದನು. ಕಡೆಯ ತಿಂಗಳುಗಳ ಸಂಬಳ ಪೂರ್ತಿ ಕೈಗೆ ಬಂದಿರಲಿಲ್ಲ. ಮೊದಲು ಅವನನ್ನು ಕೆಲವು ದಿನ ಪ್ರತ್ಯೇಕವಾಗಿ ಇರಿಸಿದ್ದರು. ಅನಂತರವೂ ವ್ಯಾಧಿಯ ಭಯದಿಂದ ಯಾರೂ ಆ ಮನೆಗೆ ಹೋಗಲಿಲ್ಲ. ಭಯ ತೀರಿದ ಮೇಲೆಯೂ ನಾವು ಹೋಗಲಿಲ್ಲ. ಏಳು ತಿಂಗಳಾದ ಮೇಲೆ, ದೇವಾಲಯದ ಮಾಡಿನ ದುರಸ್ತಿಗಾಗಿ ಹಣ ಕೂಡಿಸುವ ಕೆಲಸ ಬಂದಾಗ, ನಮಗೆ ಅವನ ನೆನಪಾಯಿತು. ಅಂಗಳಕ್ಕೆ ಕಾಲಿಡುವಾಗ ಅವನು ಜಗಲಿಯಲ್ಲಿ ಕುಳಿತಿದ್ದನು. ನಮ್ಮನ್ನೂ ನಮ್ಮ ಕಂಕುಳಲ್ಲಿದ್ದ ಪುಸ್ತಕವನ್ನೂ ನೋಡಿ ಎದ್ದು ಒಳಗೆ ಹೋದನು. ಅವನ ಹೆಂಡತಿ ಬಾಗಿಲಿಗೆ ಬಂದು, “ಉಪದೇಶಿಗಳೇ, ಅವರು ಮಲಗಿದ್ದಾರೆ” ಅಂದಳು. ಒಳಗಿಂದ ಅವನು ಕೆಮ್ಮಿದ್ದು ನಮಗೆ ಕೇಳಿಸಿತು, ಆಕೆಗೂ ಕೇಳಿಸಿತು. ಆಕೆ ತಲೆ ತಗ್ಗಿಸಿದಳು. ತಗ್ಗಬೇಕಾದದ್ದು ನಮ್ಮ ತಲೆ. ಪುಸ್ತಕವನ್ನು ಚೀಲದೊಳಗೆ ಹಾಕಿಕೊಂಡು ನಾವು ಹಿಂದಿರುಗಿದೆವು.

ಆ ರಾತ್ರಿ ನಮಗೆ ಓದಲು ಸಿಕ್ಕಿದ ಭಾಗವು ನೊವೊಮಿಯ ಚರಿತ್ರೆ. ಅನೇಕ ಸಾರಿ ಪ್ರಸಂಗಿಸಿದ ಭಾಗವೇ. ಆದರೆ ಆ ವರೆಗೆ ನಾವು ಅದನ್ನು ರೂತಳ ಪ್ರೀತಿಯ ಕಥೆಯೆಂದು ಓದಿದ್ದೆವೇ ಹೊರತು, ಪರದೇಶದಿಂದ ತಿರಿಗಿ ಬಂದವಳ ಕಥೆಯೆಂದು ಓದಿರಲಿಲ್ಲ.

ನೊವೊಮಿಯ ಮನೆಯವರು ಬರಗಾಲದ ನಿಮಿತ್ತ ಬೆತ್ಲೆಹೇಮನ್ನು ಬಿಟ್ಟು ಮೋವಾಬ್ ದೇಶಕ್ಕೆ ಹೋದರು. ಹಠದಿಂದ ಹೋದವರಲ್ಲ, ಹೊಟ್ಟೆಗಾಗಿ ಹೋದವರು. ಅಲ್ಲಿ ಗಂಡನೂ ಇಬ್ಬರು ಗಂಡುಮಕ್ಕಳೂ ತೀರಿಹೋದರು. ಮಕ್ಕಳ ಮದುವೆಯಾಗಿ ಹತ್ತು ವರ್ಷ ಕಳೆಯುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಆಕೆ ಸ್ವಂತ ಊರಿಗೆ ಬಂದಾಗ ಊರೆಲ್ಲಾ ಗದ್ದಲವಾಯಿತು. ಇವಳು ಆ ನೊವೊಮಿಯೇ ಹೌದೋ ಎಂದು ಹೆಂಗಸರು ಮಾತಾಡಿಕೊಂಡರು. ಆ ದಿನಗಳಲ್ಲಿ ಜವೆಗೋದಿಯ ಸುಗ್ಗಿ ಪ್ರಾರಂಭವಾಗುತ್ತಿತ್ತು. ಈ ಚರಿತ್ರೆಯಿಂದ ನಾವು ನಾಲ್ಕು ಸಂಗತಿಗಳನ್ನು ವಿಚಾರಿಸೋಣ.

ಮೊದಲನೆಯದು, ಊರ ಬಾಗಿಲಿನ ಪ್ರಶ್ನೆ.

ಬೆತ್ಲೆಹೇಮಿನ ಹೆಂಗಸರು ನೊವೊಮಿಯನ್ನು ಗುರುತಿಸಿದರೂ ಗುರುತಿಸಲಿಲ್ಲ. ಅವರ ಮನಸ್ಸಿನಲ್ಲಿದ್ದವಳು ಹೊರಟುಹೋದ ದಿನದ ನೊವೊಮಿ. ನೊವೊಮಿಯ ಮನಸ್ಸಿನಲ್ಲಿಯೂ ಬಿಟ್ಟುಹೋದ ದಿನದ ಬೆತ್ಲೆಹೇಮು ಇತ್ತೆಂದು ನಾವು ನೆನಸುತ್ತೇವೆ. ಎರಡೂ ಈಗ ಇರಲಿಲ್ಲ. ಪರದೇಶದಿಂದ ಬಂದವನ ಸಂಕಟದ ಬೇರು ಇಲ್ಲಿದೆ.

ರಜೆಯಲ್ಲಿ ಬರುವವನು ಅತಿಥಿ. ಅವನು ಇರುವ ಒಂದೆರಡು ತಿಂಗಳು ಮನೆಯಲ್ಲಿ ದಿನಾಲೂ ಮೀನುಂಟು, ನೆಂಟರುಂಟು, ಪೆಟ್ಟಿಗೆ ಬಿಚ್ಚುವ ಸಂಭ್ರಮವುಂಟು. ಮಕ್ಕಳ ಶಾಲೆಯ ತೊಂದರೆ, ಅಂಗಡಿಯ ಸಾಲ, ಅತ್ತೆ ಸೊಸೆಯರ ಮುನಿಸು ಇವೆಲ್ಲಾ ಅವನು ಹೋಗುವ ವರೆಗೆ ಬಚ್ಚಿಡಲ್ಪಡುತ್ತವೆ. ಆದದರಿಂದ ಹತ್ತು ಸಾರಿ ರಜೆಯಲ್ಲಿ ಬಂದವನೂ ತನ್ನ ಮನೆಯ ಒಂದು ಸಾಧಾರಣ ಮಂಗಳವಾರವನ್ನು ನೋಡಿರುವದಿಲ್ಲ. ಪೂರ್ತಿಯಾಗಿ ಬಂದ ಮೇಲೆ ಮೂರನೆಯ ತಿಂಗಳಲ್ಲಿ ಅದನ್ನು ಮೊದಲು ನೋಡುತ್ತಾನೆ. ಇದು ನನ್ನ ಮನೆಯೇ ಹೌದೋ ಎಂದು ಬೆರಗಾಗುತ್ತಾನೆ.

ನಮ್ಮ ಸಹೋದರನು ಮುಂದೆ ನಮಗೆ ಹೇಳಿದ ಕೆಲವು ಸಂಗತಿಗಳನ್ನು ಕೇಳಿರಿ. ಅಲ್ಲಿ ವಾಹನಗಳು ರಸ್ತೆಯ ಬಲಗಡೆಯಲ್ಲಿ ಓಡುತ್ತವೆ, ಇಲ್ಲಿ ಎಡಗಡೆಯಲ್ಲಿ. ಪೇಟೆಯಲ್ಲಿ ರಸ್ತೆ ದಾಟುವಾಗ ಅವನ ಕತ್ತು ತಾನಾಗಿಯೇ ತಪ್ಪು ಕಡೆಗೆ ತಿರುಗುತ್ತಿತ್ತು. ಒಮ್ಮೆ ಬಸ್ಸು ಮೈಮೇಲೆ ಬರುವದರಲ್ಲಿದ್ದಾಗ ಅವನ ಮಗಳು ಕೈಹಿಡಿದು ಎಳೆದು, “ಪಪ್ಪ, ಈ ಕಡೆ ನೋಡಿ!” ಎಂದು ಕೂಗಿದಳು. ಅಲ್ಲಿ ಹಗಲಿರುಳು ತಂಪುಯಂತ್ರದ ಕೋಣೆಯಲ್ಲಿ ಮಲಗಿದವನಿಗೆ, ಇಲ್ಲಿ ಮಳೆಗಾಳಿಗೆ ಕರೆಂಟು ಹೋಗಿ ಫ್ಯಾನು ನಿಂತ ಕೂಡಲೆ ಎಚ್ಚರವಾಗುತ್ತಿತ್ತು. ಅಲ್ಲಿ ವಾರದ ವಿರಾಮವು ಶುಕ್ರವಾರವಾಗಿದ್ದದರಿಂದ ಹತ್ತೊಂಭತ್ತು ವರ್ಷವೂ ಅವನು ಶುಕ್ರವಾರದಲ್ಲಿ ಆರಾಧನೆಗೆ ಕೂಡಿದ್ದನು. ಆ ದೇಶದಲ್ಲಿ ಶನಿವಾರ ಆದಿತ್ಯವಾರಗಳ ವಿರಾಮ ಬಂದದ್ದು ಅವನು ಬಿಟ್ಟುಬಂದ ಮೇಲೆ, 2022ರಲ್ಲಿ. ಇಲ್ಲಿ ಶುಕ್ರವಾರ ಬೆಳಿಗ್ಗೆ ಎದ್ದು ಬಿಳೀ ಅಂಗಿ ಹುಡುಕುತ್ತಿದ್ದನಂತೆ. ಇವು ನಗುವ ಸಂಗತಿಗಳು. ಅವನೂ ನಗುತ್ತಾ ಹೇಳಿದನು.

ಆದರೆ ಮನೆಯೊಳಗಿನದು ನಗುವ ಸಂಗತಿಯಲ್ಲ. ಹತ್ತೊಂಭತ್ತು ವರ್ಷ ಆ ಮನೆಯನ್ನು ನಡಿಸಿದವಳು ಅವನ ಹೆಂಡತಿ. ಪಂಚಾಯತಿಯ ತೆರಿಗೆ, ಬ್ಯಾಂಕಿನ ಕಾಗದ, ಬಾವಿಯ ಪಂಪು, ಅತ್ತೆಯ ಔಷಧ, ಮಗನ ಪರೀಕ್ಷೆ ಎಲ್ಲವನ್ನೂ ಒಬ್ಬಳೇ ಹೊತ್ತಳು. ಬಂದವನು ಮೊದಲ ತಿಂಗಳಿಂದಲೇ ಅಪ್ಪಣೆ ಕೊಡತೊಡಗಿದನು: ಅಕ್ಕಿಯನ್ನು ಇಲ್ಲಿ ಯಾಕೆ ಕೊಳ್ಳುತ್ತೀ, ಪಂಪನ್ನು ಇಷ್ಟು ಹೊತ್ತು ಯಾಕೆ ಬಿಡುತ್ತೀ ಎಂದು. ಆಕೆ ಒಂದು ದಿನ, “ಇಷ್ಟು ವರ್ಷ ಯಾರು ನೋಡಿಕೊಂಡರು?” ಎಂದು ಕೇಳಿದಳು. ಅದರಲ್ಲಿ ಸುಳ್ಳಿರಲಿಲ್ಲ. ಮಗನು ಊಟದ ಹೊತ್ತಿನಲ್ಲಿ ತಂದೆಯಿಲ್ಲದ ಕಡೆಗೆ ಹೋಗಿ ಕೂರುತ್ತಿದ್ದನು. ಟೆಲಿಫೋನಿನಲ್ಲಿ ದಿನಾಲೂ ಮಾತಾಡಿದ ಮಗನಿಗೆ ಎದುರಿಗೆ ಕೂತ ತಂದೆಯ ಸಂಗಡ ಮಾತು ಸಿಕ್ಕಲಿಲ್ಲ.

ಇಷ್ಟರ ಮೇಲೆ ಊರವರ ಪ್ರಶ್ನೆ. ಬಂದವನನ್ನು ನಾವು ಏನು ಕೇಳುತ್ತೇವೆ? “ಯಾವಾಗ ತಿರಿಗಿ ಹೋಗುವದು?” ರಜೆಯವನಿಗೆ ಇದು ಕುಶಲಪ್ರಶ್ನೆ. ಕೆಲಸ ಕಳಕೊಂಡವನಿಗೆ ಇದು ಗಾಯದ ಮೇಲೆ ಉಪ್ಪು. ನಾವು ಆ ಪ್ರಶ್ನೆಯನ್ನು ಬಾಯಿಂದ ಕೇಳಲಿಲ್ಲ, ರಶೀದಿ ಪುಸ್ತಕದಿಂದ ಕೇಳಿದೆವು. ದೇವರು ನಮ್ಮನ್ನು ಕ್ಷಮಿಸಲಿ.

ಎರಡನೆಯದು, ಬರಿಗೈ ಎಂಬ ಮಾತು.

ತಾನು ತುಂಬಿದವಳಾಗಿ ಹೋಗಿ ಬರಿದಾಗಿ ಬಂದೆನೆಂದೂ, ಇನ್ನು ತನಗೆ ಮಾರಾ ಎಂಬ ಕಹಿಯ ಹೆಸರೇ ತಕ್ಕದ್ದೆಂದೂ ನೊವೊಮಿ ಹೇಳಿಕೊಂಡಳು. ಆಕೆಯ ದುಃಖವು ಸುಳ್ಳಲ್ಲ. ದೇವರ ವಾಕ್ಯವು ಆಕೆಯನ್ನು ಗದರಿಸುವದೂ ಇಲ್ಲ. ಆದರೂ ಗಮನಿಸಿರಿ: ಬರಿದಾಗಿ ಬಂದೆನೆಂದು ಆಕೆ ಹೇಳುತ್ತಿರುವಾಗ ರೂತಳು ಆಕೆಯ ಪಕ್ಕದಲ್ಲಿಯೇ ನಿಂತಿದ್ದಳು. ತನ್ನ ಜನವನ್ನೂ ನಾಡನ್ನೂ ಬಿಟ್ಟು ಬಂದ ಆ ಸೊಸೆಯನ್ನು ನೊವೊಮಿ ಆ ಹೊತ್ತಿನಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ದುಃಖವು ಮನುಷ್ಯನಿಗೆ ಒಂದೇ ಬಗೆಯ ಲೆಕ್ಕವನ್ನು ಕಲಿಸುತ್ತದೆ.

ನಾವು ಎರಡನೆಯ ಸಾರಿ ಹೋದಾಗ ಕೈಯಲ್ಲಿ ಪುಸ್ತಕವಿರಲಿಲ್ಲ. ಆ ಸಹೋದರನು ಬಹಳ ಹೊತ್ತು ಸುಮ್ಮನಿದ್ದು, ಕಡೆಗೆ ಹೀಗೆ ಹೇಳಿದನು: “ಉಪದೇಶಿಗಳೇ, ನಾನು ದೇವಾಲಯಕ್ಕೆ ಬರುತ್ತಿದ್ದದ್ದು ಕೈಯಲ್ಲಿ ಹಣವಿದ್ದಾಗ. ಈಗ ಏನು ಹಿಡಿದುಕೊಂಡು ಬರಲಿ?” ಪ್ರಿಯರೇ, ಈ ಮಾತು ಅವನಿಗೆ ಹುಟ್ಟಿನಿಂದ ಬಂದದ್ದಲ್ಲ. ನಾವು ಕಲಿಸಿದ್ದು. ಎರಡು ವರ್ಷಕ್ಕೊಮ್ಮೆ ಅವನನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಅವನ ಹೆಸರನ್ನು ಗಟ್ಟಿಯಾಗಿ ಕೂಗಿ ಕಲಿಸಿದ್ದು.

ತಪ್ಪಿಹೋದ ಮಗನ ಸಾಮ್ಯವನ್ನು ನಾವು ಬಹಳವಾಗಿ ಪ್ರಸಂಗಿಸುತ್ತೇವೆ. ಆದದರಿಂದ ದೂರದೇಶದಿಂದ ಬರಿಗೈಯಲ್ಲಿ ಬಂದವನನ್ನೆಲ್ಲಾ ಆ ಮಗನೆಂದು ಎಣಿಸುವ ಅಪಾಯವುಂಟು. ಆ ಮಗನು ತಂದೆಯ ಆಸ್ತಿಯನ್ನು ಒಯ್ದು ಹಾಳುಮಾಡಿದನು. ಈ ನಮ್ಮ ಸಹೋದರರೋ ತಾವು ಕೋಣೆಗೆ ಆರೆಂಟು ಮಂದಿ ಮಲಗಿ, ತಾವು ತಿನ್ನದೆ, ಮನೆಗೆ ಕಳುಹಿಸಿದವರು. ಅಲ್ಲಿಯ ಬಿಸಿಲು ಎಂಥಾದ್ದೆಂದರೆ, ಜೂನ್ 15ರಿಂದ ಸೆಪ್ಟೆಂಬರ್ 15ರ ವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯ ವರೆಗೆ ಬಯಲಿನಲ್ಲಿ ಕೆಲಸ ಮಾಡಿಸಕೂಡದೆಂದು ಆ ಸರಕಾರವೇ ಕಟ್ಟಳೆ ಮಾಡಿದೆ. ಆ ಬಿಸಿಲಿನಲ್ಲಿ ಬೆಂದ ಹಣವು ತಂಗಿಯ ಮದುವೆಯಾಯಿತು, ತಂದೆಯ ಸಾಲ ತೀರಿತು, ಈ ಮನೆಯ ಗೋಡೆಯಾಯಿತು, ಮಗನ ವಿದ್ಯೆಯಾಯಿತು. ಅದು ಕೈಯಲ್ಲಿಲ್ಲವೆಂದು ಬರಿಗೈ ಅನ್ನುವದು ಹೇಗೆ? ಬಿತ್ತಿದವನ ಕೈ ಬರಿದಾಗಿಯೇ ಇರುತ್ತದೆ, ಬೀಜವು ಮಣ್ಣಿನಲ್ಲಿದೆ. ನಾವು ಇದನ್ನು ಅವನಿಗೆ ಹೇಳಿದಾಗ ಅವನು ಉತ್ತರ ಕೊಡಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಮಾತ್ರ, “ಇದನ್ನು ನಾನು ಹೇಳಿದರೆ ಅವರು ಕೇಳುವದಿಲ್ಲ” ಅಂದಳು. ಅವನ ರೂತಳು ಅವನ ಪಕ್ಕದಲ್ಲಿಯೇ ಇದ್ದಳು.

ಮೂರನೆಯದು, ಜವೆಗೋದಿಯ ಹೊಲ.

ನೊವೊಮಿಯ ಬಾಳು ಸರಿಯಾದದ್ದು ಊರ ಬಾಗಿಲಿನಲ್ಲಿ ಅಲ್ಲ. ಮರುದಿನ ಹಕ್ಕಲಾಯಲು ಹೊಲಕ್ಕೆ ಹೋದದರಿಂದ. ತಪ್ಪಿಹೋದ ಮಗನ ಸಾಮ್ಯವು ಔತಣದ ದಿನಕ್ಕೆ ನಿಲ್ಲುತ್ತದೆ. ಮರುದಿನ ಬೆಳಿಗ್ಗೆ ಅವನು ಏನು ಕೆಲಸಕ್ಕೆ ಕೈಹಾಕಿದನೆಂದು ಹೇಳಿಲ್ಲ. ರೂತಳ ಪುಸ್ತಕವೋ ಮರುದಿನದ ಪುಸ್ತಕ. ಒಂದು ದಿನದ ಹಕ್ಕಲು, ಒಂದು ಏಫದಷ್ಟು ಜವೆಗೋದಿ, ಉಂಡು ಮಿಕ್ಕದ್ದನ್ನು ಅತ್ತೆಗೆ ತಂದುಕೊಟ್ಟದ್ದು, ಮತ್ತೆ ಮರುದಿನ ಹೊಲ. ಹೀಗೆ ಜವೆಗೋದಿಯ ಸುಗ್ಗಿಯೂ ಗೋದಿಯ ಸುಗ್ಗಿಯೂ ಮುಗಿಯುವ ವರೆಗೆ. ತಿರಿಗಿ ಬರುವದು ವಿಮಾನ ಇಳಿಯುವ ಗಳಿಗೆಯಲ್ಲಿ ಮುಗಿಯುವ ಕೆಲಸವಲ್ಲ. ಅದು ದಿನದಿನದ ಸಣ್ಣ ಕೆಲಸಗಳಿಂದ ಸ್ವಲ್ಪಸ್ವಲ್ಪವಾಗಿ ನಡೆಯುವಂಥಾದ್ದು. ಇದೇ ನಾವು ಈ ಲೇಖನದಲ್ಲಿ ಮುಖ್ಯವಾಗಿ ಹೇಳಬೇಕೆಂದಿರುವದು.

ಆದದರಿಂದ ಬಂದಿರುವ ಸಹೋದರರಿಗೆ ಕೆಲವು ಬುದ್ಧಿಮಾತುಗಳನ್ನು ಹೇಳುತ್ತೇವೆ. ಕೈಯಲ್ಲಿರುವದು ಎಷ್ಟು, ಸಾಲವೆಷ್ಟು ಎಂಬದನ್ನು ಮೊದಲ ವಾರದಲ್ಲಿಯೇ ಹೆಂಡತಿಗೂ ಪ್ರಾಯಕ್ಕೆ ಬಂದ ಮಕ್ಕಳಿಗೂ ಉಳಿದಂತೆ ಹೇಳಿರಿ. ಮರೆಮಾಡಿದ ಲೆಕ್ಕವು ಮನೆಯನ್ನು ಒಳಗಿಂದ ತಿನ್ನುತ್ತದೆ. ಕೆಲಸ ಬಿಡುವಾಗ ಕೊಡುವ ಹಣವನ್ನು ನಿಧಿಯೆಂದು ಎಣಿಸಬೇಡಿರಿ. ದುಬೈ ಸೇರಿರುವ ಆ ದೇಶದ ಕಟ್ಟಳೆಯ ಪ್ರಕಾರ ಅದು ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದಂತೆ, ಅನಂತರ ವರ್ಷಕ್ಕೆ 30 ದಿನದಂತೆ ಲೆಕ್ಕ ಹಾಕಿದ ಮೂಲ ಸಂಬಳ ಮಾತ್ರ; ಭತ್ಯಗಳು ಅದರಲ್ಲಿ ಸೇರುವದಿಲ್ಲ. ಅದು ಪಿಂಚಣಿಯಲ್ಲ, ಒಂದೇ ಸಾರಿ ಬರುವಂಥಾದ್ದು. ಅದನ್ನು ಮಹಡಿ ಕಟ್ಟುವದಕ್ಕೂ, ನಾಚಿಕೆಗಾಗಿ ನೆಂಟರಿಗೆ ಸಾಲ ಕೊಡುವದಕ್ಕೂ, ತಿಳಿಯದ ವ್ಯಾಪಾರಕ್ಕೂ ಮೊದಲ ವರ್ಷದಲ್ಲಿ ಸುರಿಯಬೇಡಿರಿ. ಪರದೇಶವಾಸಿಯ ಹೆಸರಿನಲ್ಲಿ ಇಟ್ಟ ಬ್ಯಾಂಕಿನ ಖಾತೆಯನ್ನು, ಇನ್ನು ಇಲ್ಲಿಯೇ ನೆಲೆಸುತ್ತೇವೆಂದು ತಿಳಿಸಿ, ಸ್ವದೇಶವಾಸಿಯ ಖಾತೆಯಾಗಿ ಬದಲಾಯಿಸಿಕೊಳ್ಳುವದು ಕಾಯಿದೆ. ನೊವೊಮಿಯ ಗಂಡನ ಹೊಲದ ವಿಷಯವೂ ಊರಬಾಗಿಲಲ್ಲಿ ಹಿರಿಯರ ಮುಂದೆಯೇ ತೀರ್ಮಾನವಾಯಿತೆಂಬದನ್ನು ನೆನಸಿರಿ. ಜಾಗದ ಪತ್ರ, ಖಾತೆ, ಪಾಲು ಇವುಗಳನ್ನು ಬಾಯಿಮಾತಿಗೆ ಬಿಡದೆ ನೇರ್ಪುಮಾಡಿಕೊಳ್ಳಿರಿ.

ಅನಂತರ ಒಂದು ಕೆಲಸವನ್ನು ಹಿಡಿಯಿರಿ, ಎಷ್ಟು ಚಿಕ್ಕದಾದರೂ ಸರಿ. ಅಲ್ಲಿಯ ಸಂಬಳಕ್ಕೆ ಇಲ್ಲಿಯ ಕೂಲಿಯನ್ನು ಹೋಲಿಸುತ್ತಾ ಕೂತವನು ಕಡೆಗೆ ಯಾವ ಕೂಲಿಗೂ ಏಳುವದಿಲ್ಲ. ಬೆತ್ಲೆಹೇಮಿನಲ್ಲಿ ಜಮೀನಿದ್ದ ಮನೆತನದ ಸೊಸೆ ಹಕ್ಕಲಾಯಲು ಹೋದಳು. ಅದರಿಂದ ಆ ಮನೆತನಕ್ಕೆ ಕುಂದು ಬರಲಿಲ್ಲ. ಮನೆಯಲ್ಲಿ ಒಂದು ವರ್ಷದ ವರೆಗೆ ಅಪ್ಪಣೆ ಕೊಡುವದಕ್ಕಿಂತ ಹೆಚ್ಚಾಗಿ ಕೇಳಿ ತಿಳಿದುಕೊಳ್ಳಿರಿ. ನಮ್ಮ ಸಹೋದರನು ಹೇಳಿದಂತೆ, ರಸ್ತೆಯಲ್ಲಿ ಮಗಳು ಕೈಹಿಡಿದೆಳೆದ ದಿನ ಅವನಿಗೆ ಒಂದು ತಿಳಿವಳಿಕೆ ಬಂತು: ತಾನು ಅಪಾಯವನ್ನು ತಪ್ಪು ಕಡೆಯಲ್ಲಿ ಹುಡುಕುತ್ತಿದ್ದೇನೆ ಎಂಬದಾಗಿ. ಹಣದ ಕೊರತೆಯ ಕಡೆಗೇ ಅವನು ನೋಡುತ್ತಿದ್ದನು. ನಾಚಿಕೆಯೋ ಮತ್ತೊಂದು ಕಡೆಯಿಂದ ಬಂದು ಅವನನ್ನು ಕೆಡವುತ್ತಿತ್ತು. ಕೊರತೆಯನ್ನು ಮನೆಯವರೆಲ್ಲಾ ಹಂಚಿಕೊಳ್ಳಬಹುದು. ನಾಚಿಕೆಯನ್ನು ಹೊರಗೆ ಹೇಳದಿದ್ದರೆ ಒಬ್ಬನೇ ಹೊರಬೇಕು. ಸಂಜೆಯಾದರೆ ಶೀಶೆಯ ಸಹಾಯದಿಂದ ಹೊರುವವರನ್ನೂ, ಅದರ ಕೆಳಗೆ ಸತ್ತವರನ್ನೂ ನಾವು ಕಂಡಿದ್ದೇವೆ.

ನಾಲ್ಕನೆಯದು, ತೆನೆ ಬಿಡುವವರು. ಇದು ಸಭೆಯವರಾದ ನಮಗೆ ಸೇರಿದ್ದು.

ಹೊಲದ ಮೂಲೆಗಳನ್ನು ಪೂರಾ ಕೊಯ್ಯದೆ, ಬಿದ್ದ ಹಕ್ಕಲನ್ನು ಆಯದೆ, ಬಡವರಿಗೂ ಪರದೇಶಿಗೂ ಬಿಡಬೇಕೆಂದು ಯಾಜಕಕಾಂಡದಲ್ಲಿ ಆಜ್ಞೆಯುಂಟು. ಬೋವಜನು ಆಜ್ಞೆಯಷ್ಟಕ್ಕೇ ನಿಲ್ಲಲಿಲ್ಲ. ಸಿವುಡುಗಳಿಂದಲೂ ಕೆಲವು ತೆನೆಗಳನ್ನು ಬೇಕೆಂದೇ ಜಾರಬಿಡಬೇಕೆಂದೂ, ಆಕೆಯನ್ನು ಗದರಿಸಕೂಡದೆಂದೂ, ನಾಚಿಕೆಪಡಿಸಕೂಡದೆಂದೂ ಆಳುಗಳಿಗೆ ಹೇಳಿದನು. ಆ ಸಂಜೆ ರೂತಳು ತನ್ನ ಸೆರಗಿನಲ್ಲಿ ತಂದದ್ದು ಭಿಕ್ಷೆಯಲ್ಲ, ತಾನು ಆಯ್ದು ಬಡಿದ ಜವೆಗೋದಿ. ಸಹಾಯ ಮಾಡುವದು ಒಂದು ವಿದ್ಯೆ. ತೆಗೆದುಕೊಳ್ಳುವವನ ಬೆನ್ನು ನೆಟ್ಟಗಿರುವಂತೆ ಸಹಾಯ ಮಾಡುವದು ಅದಕ್ಕಿಂತ ದೊಡ್ಡ ವಿದ್ಯೆ. ಈ ಕಾಲದಲ್ಲಿ ನಮ್ಮ ಸಭೆಗಳು ಕಲಿಯಬೇಕಾದದ್ದು ಇದನ್ನೇ.

ನಮ್ಮ ಸಭಾ ಹಿರಿಯರು ಕೂಡಿ ಆಲೋಚಿಸಿ, ದೇವಾಲಯದ ಹಳೇ ವಿದ್ಯುತ್ ತಂತಿಗಳನ್ನು ಬದಲಾಯಿಸುವ ಕೆಲಸವನ್ನು, ಊರಲ್ಲಿ ನಡೆಯುವ ಕೂಲಿಗೆ, ಆ ಸಹೋದರನಿಗೆ ಒಪ್ಪಿಸಿದರು. ಅವನು ಧರ್ಮಕ್ಕೆ ಮಾಡಿಕೊಡುತ್ತೇನೆ ಅಂದನು. ಹಿರಿಯರಲ್ಲೊಬ್ಬರು, “ಅಣ್ಣ, ನಿನ್ನ ಕೂಲಿ ನೀನು ತೆಗೆದುಕೊಂಡರೆ ನಮಗೂ ಸುಲಭ” ಅಂದರು. ಒಂಭತ್ತು ದಿನ ಕೆಲಸ ನಡೆಯಿತು. ಅಲ್ಲಿಯ ಕಟ್ಟಡಗಳಲ್ಲಿ ಕಲಿತ ಅಚ್ಚುಕಟ್ಟು ನಮ್ಮ ಗೋಡೆಯ ಮೇಲೆ ಕಂಡುಬಂತು. ಊರವರು ನೋಡಿ ಕರೆಯತೊಡಗಿದರು. ಈಗ ಅವನಿಗೆ ವಾರದಲ್ಲಿ ಮೂರು ನಾಲ್ಕು ದಿನ ಕೆಲಸವುಂಟು, ಮಳೆಗಾಲದಲ್ಲಿ ಕಡಿಮೆ. ದುಬೈಯ ಸಂಬಳದ ಹತ್ತಿರಕ್ಕೂ ಅದು ಬಾರದು. ಈಗಲೂ ಕೆಲವು ಸಂಜೆ ಇಂದಿನ ಕೂಲಿ ಎಷ್ಟು ದಿರ್ಹಮ್ ಆಯಿತೆಂದು ಮನಸ್ಸಿನಲ್ಲಿ ಎಣಿಸುತ್ತೇನೆಂದು ಅವನು ನಮ್ಮೊಡನೆ ಒಪ್ಪಿಕೊಂಡನು. ಮಗನ ಸಂಗಡ ಮಾತು ಇನ್ನೂ ಕಡಿಮೆಯೇ; ಆದರೆ ಕಳೆದ ರಜೆಯಲ್ಲಿ ಹುಡುಗನು ತಂತಿಯ ಸುರುಳಿ ಹೊತ್ತುಕೊಂಡು ಅವನ ಹಿಂದೆ ಎರಡು ದಿನ ಹೋದನಂತೆ.

ನಮ್ಮ ಸಭೆಯಲ್ಲಿ ಇನ್ನೂ ಎರಡು ಬದಲಾವಣೆಗಳಾದವು. ಬೆಳೆ ಹಬ್ಬದ ಏಲಮಿನಲ್ಲಿ ಕೂಗಿದವರ ಹೆಸರನ್ನೂ ಮೊಬಲಗನ್ನೂ ಗಟ್ಟಿಯಾಗಿ ಓದುವದನ್ನು ನಿಲ್ಲಿಸಿದೆವು. ಹಬ್ಬದ ಹುಟ್ಟುವಳಿ ಮೊದಲ ವರ್ಷ ಕಡಿಮೆಯಾಯಿತು. ಆದರೆ ತರುವವರ ಸಂಖ್ಯೆ ಕಡಿಮೆಯಾಗಲಿಲ್ಲ. ಆ ವರ್ಷ ಆ ಸಹೋದರನು ತನ್ನ ಹಿತ್ತಿಲಿನ ಒಂದು ಕಟ್ಟು ಬಸಳೆ ತಂದು ಮೇಜಿನ ಅಂಚಿನಲ್ಲಿಟ್ಟು, ಹಿಂದಿನ ಸಾಲಿನಲ್ಲಿ ಕೂತನು. ಅದು ನಲವತ್ತು ರೂಪಾಯಿಗೆ ಹೋಯಿತು. ಎರಡನೆಯ ಬದಲಾವಣೆ ಇದು: ಪರದೇಶಕ್ಕೆ ಹೊರಡುವವರಿಗೋಸ್ಕರ ಪ್ರಾರ್ಥಿಸುವಂತೆಯೇ ಬಂದು ನೆಲೆಸುವವರಿಗೋಸ್ಕರವೂ, ಗಂಡಹೆಂಡತಿಯರನ್ನು ಜೊತೆಯಾಗಿ ನಿಲ್ಲಿಸಿ, ಪ್ರಾರ್ಥಿಸುತ್ತೇವೆ. ಹೆಂಡತಿಯೂ ನಿಲ್ಲಬೇಕೆಂಬದು ನಮ್ಮ ಹೆಂಗಸರ ಸಂಘದವರು ಹೇಳಿಕೊಟ್ಟದ್ದು. ಕಾದವಳೂ ತಿರಿಗಿ ಬಂದವಳೇ ಎಂದು ಅವರು ಹೇಳಿದರು.

ಒಂದು ಸಂಗತಿಯನ್ನು ಹೇಳಿ ಮುಗಿಸುತ್ತೇವೆ. ಆ ಮನೆಯ ಅಡಿಗೆಮನೆಯಲ್ಲಿ ಒಂದು ಗೋಡೆ ಗಡಿಯಾರವಿತ್ತು. ಗಂಡನು ಕೆಲಸ ಮುಗಿಸಿ ಟೆಲಿಫೋನು ಮಾಡುವ ಹೊತ್ತು ತಿಳಿಯಬೇಕೆಂದು ಆಕೆ ಅದನ್ನು ದುಬೈಯ ಕಾಲಕ್ಕೆ, ಅಂದರೆ ನಮ್ಮದಕ್ಕಿಂತ ಒಂದೂವರೆ ತಾಸು ಹಿಂದಕ್ಕೆ, ಇಟ್ಟಿದ್ದಳು. ಅವನು ಬಂದ ಮೇಲೆಯೂ ಅದು ಹಾಗೆಯೇ ನಡೆಯುತ್ತಿತ್ತು. ತಿರುಗಿಸಲು ಯಾರಿಗೂ ಮನಸ್ಸು ಬರಲಿಲ್ಲ. ಹೋದ ವರ್ಷ ನಾವು ಅಲ್ಲಿ ಊಟಕ್ಕೆ ಕೂತಾಗ ಅದು ನಮ್ಮ ಕೈಗಡಿಯಾರಕ್ಕೆ ಸರಿಯಾಗಿತ್ತು. ಯಾರು ತಿರುಗಿಸಿದರೆಂದು ನಾವು ಕೇಳಲಿಲ್ಲ.

ಪ್ರಿಯರೇ, ನೊವೊಮಿಯ ಮಡಿಲಲ್ಲಿ ಕಡೆಗೆ ಒಂದು ಕೂಸು ಮಲಗಿತು. ಮೊದಲು ಬೆರಗಾಗಿ ನೋಡಿದ ಆ ಊರಿನ ಹೆಂಗಸರೇ ಆಕೆಯ ಸಂಗಡ ದೇವರನ್ನು ಕೊಂಡಾಡಿದರು. ಪ್ರತಿಯೊಬ್ಬನಿಗೂ ಹಾಗೆ ಆಗುವದೆಂದು ನಾವು ಮಾತು ಕೊಡಲಾರೆವು. ಆದರೆ ಹೊಲದ ಬಾಗಿಲು ತೆರೆದಿರಬೇಕು, ತೆನೆಗಳು ಬಿದ್ದಿರಬೇಕು, ಗದರಿಸುವ ಬಾಯಿ ಇರಕೂಡದು. ಇಷ್ಟು ನಮ್ಮ ಕೈಯಲ್ಲಿದೆ. ನಿಮ್ಮ ಊರಿಗೆ ಈ ವರ್ಷ ಬಂದವರು ಯಾರು? ಈ ವಾರ ಅವರ ಮನೆಗೆ ಹೋಗಿರಿ. ಕೈಯಲ್ಲಿ ಪುಸ್ತಕ ಬೇಡ. ಯಾವಾಗ ಹೋಗುವದೆಂದು ಕೇಳಬೇಡಿರಿ. ಊಟವಾಯಿತೋ ಎಂದು ಕೇಳಿರಿ.

ದೂರ ಹೋದವರನ್ನೂ ಹತ್ತಿರ ಬಂದವರನ್ನೂ ಕಾಯುವ ಕರ್ತನು ನಮ್ಮ ಮನೆಗಳ ಹೋಗುವಿಕೆಯನ್ನೂ ಬರುವಿಕೆಯನ್ನೂ ಆಶೀರ್ವದಿಸಲಿ. ಆಮೆನ್.